ಔಷಧವೂ ಹುಸಿಮದ್ದೂ: ಚಿತ್ತವಿಕಲತೆಯ ಉಲ್ಬಣಾವಸ್ಥೆಯಲ್ಲಿ ವ್ಯತಿರೇಕ ಪರೀಕ್ಷೆ

೧. ವಿಷಯ

“ಔಷಧವನ್ನು ಸೇವಿಸಿದ ಮೇಲೆ ರೋಗವು ಶಮನವಾಯಿತು, ಆದುದರಿಂದ ಶಮನಕ್ಕೆ ಔಷಧವೇ ಕಾರಣವು” ಎಂಬ ಅನುಮಿತಿಯು ವೈದ್ಯವೃತ್ತಿಯಷ್ಟೇ ಪುರಾತನವಾದುದು. ಇದು ಕೆಲವು ವೇಳೆ ನಿಜವಾಗಿರುವುದು. ಕೆಲವು ವೇಳೆ ಕಾಕತಾಳೀಯವಾಗಿರುವುದು. ಕಾಗೆಯು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧವುಂಟೆ ಎಂಬುದನ್ನು ಒಂದು ಸಲ ಕಂಡ ಮಾತ್ರದಿಂದ ನಿರ್ಣಯಿಸುವುದು ಅಶಕ್ಯ. ದೇಹದ ರೋಗಗಳಲ್ಲಿಯೇ ಈ ತೊಡಕು ಇರುವಾಗ, ತಾವಾಗಿಯೇ ಹೆಚ್ಚಿ ತಗ್ಗುವ ಸ್ವಭಾವವುಳ್ಳ ಮನೋರೋಗಗಳ ವಿಷಯದಲ್ಲಿ ಅದು ಇಮ್ಮಡಿಯಾಗುವುದು ಸಹಜವು.

ಮನೋರೋಗಗಳಲ್ಲಿ ಅತ್ಯಂತ ಕಠಿನವೆನಿಸಿದ ಸ್ಕಿಜೋಫ್ರೀನಿಯದ ಉಲ್ಬಣಾವಸ್ಥೆಯಲ್ಲಿ ಕೊಡಲ್ಪಡುವ ಔಷಧಗಳಿಗೆ ಸ್ವಂತವಾದ ಶಕ್ತಿಯುಂಟೆ, ಉಂಟಾದರೆ ಎಷ್ಟು, ಅದನ್ನು ಯಾವ ಪ್ರಮಾಣದಿಂದ ತಿಳಿಯಬೇಕು ಎಂಬುದೇ ಈ ಲೇಖನದ ವಿಷಯ. ಇದು ವೈದ್ಯರೊಳಗಿನ ವಿವಾದ ಮಾತ್ರವಲ್ಲ. ಈ ಮಾತ್ರೆಗಳು ಸಕ್ಕರೆಯ ಗುಳಿಗೆಗಿಂತ ಹೆಚ್ಚಿನವಲ್ಲವೆಂಬ ಮಾತನ್ನು ನಂಬಿ ಚಿಕಿತ್ಸೆಯನ್ನು ನಿಲ್ಲಿಸುವ ಮನೆಯವರೂ, ಇವು ಖಂಡಿತವಾಗಿ ಗುಣಪಡಿಸುವುವೆಂಬ ಮಾತನ್ನು ನಂಬಿ ಬಳಿಕ ಎದೆಗುಂದುವ ಮನೆಯವರೂ ಒಂದೇ ಅಂಕಿಯನ್ನು ಎರಡು ಬಗೆಯಾಗಿ ತಪ್ಪಾಗಿ ಓದಿದ ಫಲವನ್ನು ಅನುಭವಿಸುವರು.

೨. ಎರಡು ಪದಗಳು

ಮೊದಲು ಪದಗಳ ಅರ್ಥವನ್ನು ಸ್ಥಿರಪಡಿಸಿಕೊಳ್ಳಬೇಕು. ‘ಸ್ಕಿಜೋಫ್ರೀನಿಯ’ ಎಂಬುದನ್ನು ಸ್ವಿಟ್ಜರ್ಲೆಂಡಿನ ವೈದ್ಯನಾದ ಓಯ್ಗೆನ್ ಬ್ಲಾಯ್ಲರನು ೧೯೦೮ರಲ್ಲಿ ಎರಡು ಗ್ರೀಕ್ ಧಾತುಗಳಿಂದ ಸಂಘಟಿಸಿದನು. ಒಂದಕ್ಕೆ ಸೀಳುವುದೆಂದೂ ಮತ್ತೊಂದಕ್ಕೆ ಮನಸ್ಸೆಂದೂ ಅರ್ಥ. ಒಬ್ಬನಲ್ಲಿ ಇಬ್ಬರು ವ್ಯಕ್ತಿಗಳು ವಾಸಿಸುವರೆಂಬ ಜನಜನಿತವಾದ ಭಾವನೆಯು ಈ ಧಾತ್ವರ್ಥದಿಂದ ಹುಟ್ಟಿದ ಭ್ರಾಂತಿ. ಆಲೋಚನೆ, ಭಾವ, ಸಂಕಲ್ಪ ಇವುಗಳ ಹೊಂದಿಕೆಯು ಸಡಿಲಿಹೋಗುವುದೇ ಬ್ಲಾಯ್ಲರನ ವಿವಕ್ಷೆ. ಇಲ್ಲದ ಧ್ವನಿಗಳು ಕೇಳಿಸುವುದು, ಯುಕ್ತಿಗೆ ಮಣಿಯದ ಭ್ರಾಂತಿಗಳು, ಸಂಬಂಧವಿಲ್ಲದ ಮಾತು ಇವು ಅದರ ಪ್ರಕಟಲಕ್ಷಣಗಳು. ಉತ್ಸಾಹವು ಬತ್ತುವುದು, ಮಾತು ಕುಂದುವುದು, ಜನರಿಂದ ದೂರಸರಿಯುವುದು ಇವು ಕ್ಷಯಲಕ್ಷಣಗಳು. ಹೆಸರಿನಿಂದಲೇ ಕಳಂಕವು ಹತ್ತುವುದೆಂದು ಜಪಾನಿನ ಮನೋವೈದ್ಯರು ೨೦೦೨ರಲ್ಲಿ ತಮ್ಮ ಭಾಷೆಯಲ್ಲಿ ‘ಸೀಳಿದ ಮನಸ್ಸು’ ಎಂಬರ್ಥದ ಹೆಸರನ್ನು ತೆಗೆದು ಹಾಕಿ, ‘ಹೊಂದಿಕೆಯ ಕೊರತೆ’ ಎಂಬರ್ಥದ ಹೆಸರನ್ನು ಇಟ್ಟರು. ಕನ್ನಡದಲ್ಲಿ ಬಳಕೆಗೆ ಬಂದಿರುವ ‘ಚಿತ್ತವಿಕಲತೆ’ ಎಂಬ ಪದವು ಈ ದೃಷ್ಟಿಯಿಂದ ನಿರ್ದುಷ್ಟವಾದುದರಿಂದ ಇಲ್ಲಿ ಅದನ್ನೇ ಬಳಸಲಾಗಿದೆ.

ಎರಡನೆಯ ಪದ ‘ಪ್ಲಸೀಬೋ’. ಇದು ಲ್ಯಾಟಿನ್ ಕ್ರಿಯಾಪದ; ‘ನಾನು ಮೆಚ್ಚಿಸುವೆನು’ ಎಂದು ಇದರ ಅರ್ಥ. ಮಧ್ಯಯುಗದ ಐರೋಪ್ಯ ದೇವಾಲಯಗಳಲ್ಲಿ ಮೃತರಿಗಾಗಿ ಹಾಡುತ್ತಿದ್ದ ಸಂಧ್ಯಾಪ್ರಾರ್ಥನೆಯು ಈ ಶಬ್ದದಿಂದಲೇ ಪ್ರಾರಂಭವಾಗುತ್ತಿತ್ತು. ಸತ್ತವರ ಮನೆಯಲ್ಲಿ ದೊರೆಯುವ ಊಟ ಉಡುಗೊರೆಗಳ ಆಶೆಯಿಂದ ಬಂದು ಈ ಪ್ರಾರ್ಥನೆಯನ್ನು ಹಾಡುವವರಿದ್ದುದರಿಂದ, ಕಾಲಕ್ರಮದಲ್ಲಿ ಶಬ್ದಕ್ಕೆ ಮುಖಸ್ತುತಿಗಾರನೆಂಬ ಅರ್ಥವು ಬಂದಿತು. ಆಂಗ್ಲ ಕವಿಯಾದ ಚಾಸರನು ವರ್ತಕನ ಕಥೆಯಲ್ಲಿ ಯಜಮಾನನ ಮಾತಿಗೆ ತಲೆದೂಗುವ ಪಾತ್ರವೊಂದಕ್ಕೆ ಇದನ್ನೇ ಹೆಸರಾಗಿಟ್ಟಿರುವನು. ಹತ್ತೊಂಬತ್ತನೆಯ ಶತಮಾನದ ಮೊದಲಿಗೆ ಆಂಗ್ಲ ವೈದ್ಯಕೋಶಗಳಲ್ಲಿ ಇದು ರೋಗಿಯ ತೃಪ್ತಿಗಾಗಿ ಕೊಡುವ ಮದ್ದು ಎಂಬರ್ಥದಲ್ಲಿ ನೆಲೆಗೊಂಡಿತು. ಇಪ್ಪತ್ತನೆಯ ಶತಮಾನದಲ್ಲಿ ಮೆಚ್ಚಿಸುವ ಉದ್ದೇಶವು ಹಿಂದಾಗಿ, ಅಳೆಯುವ ಉದ್ದೇಶವು ಮುಂದಾಯಿತು. ಬಣ್ಣ, ಆಕಾರ, ರುಚಿಗಳಲ್ಲಿ ಔಷಧವನ್ನೇ ಹೋಲುತ್ತ ಔಷಧದ್ರವ್ಯವನ್ನು ಮಾತ್ರ ಒಳಗೊಳ್ಳದ ಈ ಗುಳಿಗೆಯನ್ನು ಇಲ್ಲಿ ‘ಹುಸಿಮದ್ದು’ ಎಂದು ಕರೆಯಲಾಗಿದೆ.

೩. ಅನ್ವಯವೊಂದೇ ಸಾಲದು

ಕಾರ್ಯಕಾರಣಭಾವವನ್ನು ನಿರ್ಣಯಿಸಲು ಅನ್ವಯ, ವ್ಯತಿರೇಕ ಎರಡೂ ಬೇಕೆಂಬುದು ತರ್ಕಶಾಸ್ತ್ರವನ್ನು ಬಲ್ಲವರಿಗೆ ವಿದಿತವಾದ ವಿಷಯ. ಒಂದಿದ್ದರೆ ಮತ್ತೊಂದು ಇರುವುದು ಅನ್ವಯ. ಒಂದಿಲ್ಲದಿದ್ದರೆ ಮತ್ತೊಂದು ಇಲ್ಲದಿರುವುದು ವ್ಯತಿರೇಕ. ಔಷಧವನ್ನು ಕೊಟ್ಟು ಗುಣವನ್ನು ಕಂಡ ವೈದ್ಯನಲ್ಲಿ ಅನ್ವಯ ಮಾತ್ರ ಇರುವುದು. ಕುಂಬಾರನು ಗಡಿಗೆಯನ್ನು ಮಾಡುವ ಮೊದಲು ಮಣ್ಣು ಹೊತ್ತು ತಂದ ಕತ್ತೆಯು ಸಮೀಪದಲ್ಲಿಯೇ ನಿಂತಿರುವುದು. ಆದರೂ ಅದನ್ನು ಗಡಿಗೆಗೆ ಕಾರಣವೆಂದು ತಾರ್ಕಿಕರು ಒಪ್ಪುವುದಿಲ್ಲ. ಅದು ‘ಅನ್ಯಥಾಸಿದ್ಧ’, ಅದಿಲ್ಲದೆಯೂ ಗಡಿಗೆಯಾಗುವುದು. ಚಿಕಿತ್ಸೆಯಲ್ಲಿ ಯಾವುದು ಕುಂಬಾರ, ಯಾವುದು ಕತ್ತೆ ಎಂಬುದನ್ನು ವ್ಯತಿರೇಕವಿಲ್ಲದೆ ವಿಂಗಡಿಸಲಾಗದು.

ಚಿತ್ತವಿಕಲತೆಯ ಚಿಕಿತ್ಸೆಯಲ್ಲಿ ಇದಕ್ಕೆ ದುಃಖಕರವಾದ ಉದಾಹರಣೆಯೊಂದಿದೆ. ೧೯೩೩ರ ಸುಮಾರಿಗೆ ವಿಯೆನ್ನಾದಲ್ಲಿ ಮಾನ್‌ಫ್ರೆಡ್ ಸಾಕೆಲನು ಇನ್ಸುಲಿನ್ನನ್ನು ಚುಚ್ಚಿ ರೋಗಿಯನ್ನು ಗಾಢವಾದ ಮೂರ್ಛೆಗೆ ಇಳಿಸಿ, ಬಳಿಕ ಸಕ್ಕರೆಯನ್ನು ಕೊಟ್ಟು ಎಚ್ಚರಿಸುವ ಚಿಕಿತ್ಸೆಯನ್ನು ಪ್ರಚಾರಕ್ಕೆ ತಂದನು. ಪ್ರಾಣಾಪಾಯವಿದ್ದರೂ ಇದು ಅನೇಕ ದೇಶಗಳಿಗೆ ಹಬ್ಬಿತು. ೧೯೫೩ರಲ್ಲಿ ಹೆರಲ್ಡ್ ಬೋರ್ನ್ ಎಂಬ ಆಂಗ್ಲ ವೈದ್ಯನು ಇದರ ಕೀರ್ತಿಯು ನಿರಾಧಾರವೆಂದು ಬರೆದನು. ಗುಣವಾಗುವ ಸಂಭವವುಳ್ಳವರನ್ನೇ ಆಯ್ದು, ಪ್ರತ್ಯೇಕ ಕೊಠಡಿಯಲ್ಲಿ ವಿಶೇಷ ಶುಶ್ರೂಷೆಯೊಡನೆ ನೋಡಿಕೊಂಡರೆ ಫಲವು ಚೆನ್ನಾಗಿ ಕಾಣುವುದು ಆಶ್ಚರ್ಯವಲ್ಲವೆಂಬುದು ಅವನ ವಾದದ ತಿರುಳು. ೧೯೫೭ರಲ್ಲಿ ಬ್ರಯನ್ ಆಕ್ನರ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ೫೦ ಮಂದಿ ರೋಗಿಗಳನ್ನು ಎರಡು ತಂಡಗಳಾಗಿ ವಿಂಗಡಿಸಿ, ಒಂದು ತಂಡಕ್ಕೆ ಇನ್ಸುಲಿನ್ನಿನಿಂದಲೂ ಮತ್ತೊಂದಕ್ಕೆ ಬಾರ್ಬಿಟ್ಯುರೇಟ್ ಎಂಬ ನಿದ್ರಾಜನಕದಿಂದಲೂ ಮೂರ್ಛೆಯನ್ನುಂಟುಮಾಡಿದರು. ಶುಶ್ರೂಷೆಯು ಎರಡಕ್ಕೂ ಸಮಾನವಾಗಿದ್ದಿತು, ಫಲವೂ ಸಮಾನವಾಗಿದ್ದಿತು. ಕಾಲು ಶತಮಾನ ಕಾಲ ಇನ್ಸುಲಿನ್ನಿನ ಹೆಸರಿನಲ್ಲಿ ನಡೆದ ಚಿಕಿತ್ಸೆಯಲ್ಲಿ ಇನ್ಸುಲಿನ್ನು ಕುಂಬಾರನ ಕತ್ತೆಯೇ ಆಗಿದ್ದಿತೆಂದು ಹೀಗೆ ತಿಳಿದುಬಂದಿತು.

೪. ಕ್ಲೋರ್‌ಪ್ರೊಮಝೀನಿನ ಉದಯ

ಇದೇ ಕಾಲದಲ್ಲಿ ಮತ್ತೊಂದು ಔಷಧವು ಬೆಳಕಿಗೆ ಬಂದಿತು. ಫ್ರಾನ್ಸಿನ ರೋನ್-ಪುಲಾಂಕ್ ಕಾರ್ಖಾನೆಯಲ್ಲಿ ಪೋಲ್ ಶಾರ್ಪಾಂತಿಯೆ ಎಂಬ ರಸಾಯನಶಾಸ್ತ್ರಜ್ಞನು ಸಿದ್ಧಪಡಿಸಿದ ಕ್ಲೋರ್‌ಪ್ರೊಮಝೀನನ್ನು ಆನ್ರಿ ಲಾಬೋರಿ ಎಂಬ ಶಸ್ತ್ರವೈದ್ಯನು ಅರಿವಳಿಕೆಗೆ ನೆರವಾಗಿ ಬಳಸಿ, ಅದರಿಂದ ರೋಗಿಗಳಲ್ಲಿ ಒಂದು ಬಗೆಯ ನಿರ್ಲಿಪ್ತತೆಯು ಉಂಟಾಗುವುದನ್ನು ಗಮನಿಸಿದನು. ೧೯೫೨ರಲ್ಲಿ ಪ್ಯಾರಿಸ್ಸಿನ ಸಾಂತ್-ಆನ್ ಆಸ್ಪತ್ರೆಯ ದಲೇ ಮತ್ತು ದೆನಿಕೆರ್ ಅವರು ಅದನ್ನು ಮನೋರೋಗಿಗಳಿಗೆ ಕೊಟ್ಟು, ಕೋಲಾಹಲವು ತಗ್ಗುವುದನ್ನೂ ಭ್ರಾಂತಿಗಳು ಸಡಿಲುವುದನ್ನೂ ವರ್ಣಿಸಿದರು. ಆದರೆ ಇದು ಕೂಡ ಅನ್ವಯವೇ ಆಗಿದ್ದಿತು. ಇನ್ಸುಲಿನ್ನಿನ ವಿಷಯದಲ್ಲಿಯೂ ಇಂತಹ ವರ್ಣನೆಗಳಿಗೆ ಕೊರತೆಯಿರಲಿಲ್ಲ.

ವ್ಯತಿರೇಕವನ್ನು ಮೊದಲಾಗಿ ಪ್ರಯತ್ನಿಸಿದವರಲ್ಲಿ ಬರ್ಮಿಂಗ್‌ಹ್ಯಾಮಿನ ಜೋಯೆಲ್ ಎಲ್ಕಿಸ್ ಮತ್ತು ಚಾರ್ಮಿಯನ್ ಎಲ್ಕಿಸ್ ದಂಪತಿಗಳು ಸ್ಮರಣಾರ್ಹರು. ೧೯೫೪ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ ಬಹುಕಾಲದಿಂದ ಅಶಾಂತರಾಗಿದ್ದ ೨೭ ಮಂದಿ ರೋಗಿಗಳಿಗೆ ಔಷಧವನ್ನೂ ಹುಸಿಮದ್ದನ್ನೂ ಸರದಿಯಾಗಿ ಕೊಡಲಾಯಿತು. ೭ ಮಂದಿಯಲ್ಲಿ ಸ್ಪಷ್ಟವಾದ ಗುಣವೂ, ೧೧ ಮಂದಿಯಲ್ಲಿ ಅಲ್ಪವಾದ ಗುಣವೂ ಕಂಡಿತು; ೯ ಮಂದಿಯಲ್ಲಿ ಏನೂ ಕಾಣಲಿಲ್ಲ. ಔಷಧವು ಕೆಲವರಿಗೆ ನಿಜವಾಗಿ ಉಪಕರಿಸುವುದು, ಎಲ್ಲರಿಗೂ ಉಪಕರಿಸುವುದಿಲ್ಲ ಎಂಬ ನಿರ್ಣಯದ ರೂಪುರೇಖೆಯು ಈ ಚಿಕ್ಕ ಪರೀಕ್ಷೆಯಲ್ಲಿಯೇ ಕಾಣಿಸಿಕೊಂಡಿತು.

ಹೊಸದಾಗಿ ಆಸ್ಪತ್ರೆಗೆ ಸೇರಿದ, ರೋಗವು ಉಲ್ಬಣಿಸಿದವರ ಮೇಲಿನ ದೊಡ್ಡ ಪರೀಕ್ಷೆಯು ಅಮೆರಿಕದಲ್ಲಿ ನಡೆಯಿತು. ಅಲ್ಲಿಯ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ೯ ಆಸ್ಪತ್ರೆಗಳು ಕೂಡಿ ನಡೆಸಿ ೧೯೬೪ರಲ್ಲಿ ಪ್ರಕಟಿಸಿದ ಈ ಪರೀಕ್ಷೆಯಲ್ಲಿ ಕ್ಲೋರ್‌ಪ್ರೊಮಝೀನ್, ಫ್ಲುಫೆನಝೀನ್, ಥಯೋರಿಡಝೀನ್ ಎಂಬ ಮೂರು ಔಷಧಗಳನ್ನು ಹುಸಿಮದ್ದಿನೊಡನೆ ಹೋಲಿಸಲಾಯಿತು. ಆರು ವಾರಗಳನ್ನು ಪೂರೈಸಿದವರು ೩೪೪ ಮಂದಿ. ಔಷಧವನ್ನು ಪಡೆದವರಲ್ಲಿ ಮುಕ್ಕಾಲು ಪಾಲಿನವರಿಗೆ ಗಮನಾರ್ಹವಾದ ಗುಣವು ಕಂಡಿತು; ಹುಸಿಮದ್ದನ್ನು ಪಡೆದವರಲ್ಲಿ ಈ ಪಾಲು ಬಹಳ ಕಡಿಮೆಯಾಗಿದ್ದಿತು. ಮೂರು ಔಷಧಗಳ ನಡುವೆ ಹೇಳತಕ್ಕಷ್ಟು ತಾರತಮ್ಯವು ಕಾಣಲಿಲ್ಲ.

೫. ಪರೀಕ್ಷೆಯ ಕ್ರಮ

ಇಂತಹ ಪರೀಕ್ಷೆಗೆ ಮೂರು ಅಂಗಗಳುಂಟು. ಮೊದಲನೆಯದು ಚೀಟಿಯ ನ್ಯಾಯ. ಯಾವ ರೋಗಿಗೆ ಔಷಧ, ಯಾವನಿಗೆ ಹುಸಿಮದ್ದು ಎಂಬುದನ್ನು ವೈದ್ಯನ ಇಚ್ಛೆಗೆ ಬಿಡದೆ ಚೀಟಿ ಎತ್ತಿದಂತೆ ದೈವಾಯತ್ತವಾಗಿ ನಿರ್ಣಯಿಸುವುದು. ಇದರಿಂದ ವಯಸ್ಸು, ರೋಗದ ತೀಕ್ಷ್ಣತೆ, ಮನೆಯ ಆಸರೆ ಮೊದಲಾದ ತಿಳಿದ ಭೇದಗಳೂ, ಇನ್ನೂ ತಿಳಿಯದ ಭೇದಗಳೂ ಎರಡು ತಂಡಗಳಿಗೆ ಸರಿಸುಮಾರಾಗಿ ಹಂಚಿಹೋಗುವುವು. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ನನ್ನು ಪರೀಕ್ಷಿಸಿ ೧೯೪೮ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟಿಸಿದ ವರದಿಯಿಂದ ಈ ಕ್ರಮವು ವೈದ್ಯರಲ್ಲಿ ಪ್ರಸಿದ್ಧವಾಯಿತು. ಎರಡನೆಯದು ಗೋಪನ. ಯಾರಿಗೆ ಯಾವುದು ದೊರೆಯಿತೆಂಬುದನ್ನು ರೋಗಿಯಿಂದಲೂ ಅಳೆಯುವವನಿಂದಲೂ ಮರೆಮಾಡುವುದು.

ಮೂರನೆಯದು ಅಳತೆಗೋಲು. ೧೯೬೨ರಲ್ಲಿ ಓವರಾಲ್ ಮತ್ತು ಗಾರ್‌ಹ್ಯಾಮ್ ಎಂಬುವರೂ, ೧೯೮೭ರಲ್ಲಿ ಕೇ, ಫಿಸ್‌ಬೈನ್, ಓಪ್ಲರ್ ಎಂಬುವರೂ ಲಕ್ಷಣಗಳಿಗೆ ಅಂಕಗಳನ್ನು ಕೊಡುವ ಮಾನಗಳನ್ನು ರಚಿಸಿದರು. ಎರಡನೆಯದರಲ್ಲಿ ೩೦ ಅಂಶಗಳಿದ್ದು ಒಂದೊಂದಕ್ಕೂ ೧ರಿಂದ ೭ರ ವರೆಗೆ ಅಂಕಗಳುಂಟು. ಆದುದರಿಂದ ಲಕ್ಷಣವೇ ಇಲ್ಲದವನಿಗೂ ೩೦ ಅಂಕಗಳು ಬರುವುವು, ಗರಿಷ್ಠವು ೨೧೦. ಇಲ್ಲಿ ಒಂದು ಸೂಕ್ಷ್ಮವಿದೆ. ರೋಗಿಯ ಅಂಕವು ೯೦ರಿಂದ ೬೦ಕ್ಕೆ ಇಳಿದರೆ ಮೂರರಲ್ಲಿ ಒಂದು ಪಾಲು ತಗ್ಗಿತೆಂದು ತೋರುವುದು. ಆದರೆ ತಳದ ೩೦ನ್ನು ಕಳೆದು ನೋಡಿದರೆ ರೋಗವು ೬೦ರಿಂದ ೩೦ಕ್ಕೆ, ಎಂದರೆ ಅರ್ಧಕ್ಕೆ ಇಳಿದಿರುವುದು. ಲೆಕ್ಕದ ಈ ಒಂದು ಹೆಜ್ಜೆಯನ್ನು ಮರೆತರೆ ಔಷಧದ ಫಲವೂ ಹುಸಿಮದ್ದಿನ ಫಲವೂ ಎರಡೂ ತಪ್ಪಾಗಿ ಕಾಣುವುವು.

೬. ಹುಸಿಮದ್ದಿನ ತಂಡದಲ್ಲಿಯೂ ಗುಣವೇಕೆ?

ಹುಸಿಮದ್ದನ್ನು ಪಡೆದವರಲ್ಲಿ ಕೂಡ ಕೆಲವರಿಗೆ ಗುಣವು ಕಾಣುವುದು. ಇದನ್ನು ಕಂಡು ಸಕ್ಕರೆಗೆ ಅದ್ಭುತ ಶಕ್ತಿಯಿದೆಯೆಂದು ಹೇಳುವುದು ಆತುರದ ಮಾತು. ಆ ಗುಣದಲ್ಲಿ ಅನೇಕ ಕಾರಣಗಳು ಬೆರೆತಿರುವುವು. ರೋಗವು ಶಿಖರಕ್ಕೇರಿದಾಗಲೇ ಮನೆಯವರು ರೋಗಿಯನ್ನು ಆಸ್ಪತ್ರೆಗೆ ತರುವರು. ತುಂಗಭದ್ರೆಯ ಮಟ್ಟವನ್ನು ನೆರೆಯ ದಿನದಲ್ಲಿಯೇ ಮೊದಲ ಸಲ ಅಳೆದವನಿಗೆ ಮುಂದಿನ ಅಳತೆಯಲ್ಲಿ ಇಳಿತವೇ ಕಾಣುವಂತೆ, ಶಿಖರದಲ್ಲಿ ಅಳೆದ ರೋಗವು ಮುಂದಿನ ಅಳತೆಯಲ್ಲಿ ತಗ್ಗಿದಂತೆ ತೋರುವುದು. ಇದಲ್ಲದೆ ಆಸ್ಪತ್ರೆಯ ನಿಯತವಾದ ಊಟ, ನಿದ್ರೆ, ಕಲಹದಿಂದ ದೂರವಿರುವಿಕೆ, ದಿನವೂ ಬಂದು ಮಾತನಾಡಿಸುವವರ ಆದರ ಇವೂ ಕೆಲಸಮಾಡುವುವು. ತಳಮಳವು ಹೆಚ್ಚಾದಾಗ ಶಾಮಕಗಳನ್ನು ಎರಡು ತಂಡಗಳಿಗೂ ಕೊಡಲು ಅನೇಕ ಪರೀಕ್ಷೆಗಳಲ್ಲಿ ಅವಕಾಶವಿರುವುದು. ರೋಗಿಯ ನಿರೀಕ್ಷೆಯೂ, ಗುಣವನ್ನು ಕಾಣಬೇಕೆಂಬ ಅಳೆಯುವವನ ಒಲವೂ ಇವುಗಳೊಡನೆ ಸೇರುವುವು.

ಇವೆಲ್ಲವೂ ಔಷಧದ ತಂಡದಲ್ಲಿಯೂ ಅಷ್ಟೇ ಪ್ರಮಾಣದಲ್ಲಿರುವುದರಿಂದ, ಒಂದರಿಂದ ಮತ್ತೊಂದನ್ನು ಕಳೆದಾಗ ಉಳಿಯುವ ಶೇಷವೇ ಔಷಧದ ಸ್ವಂತ ಶಕ್ತಿ. ರೋಗಿಗೆ ದೊರೆಯುವ ಒಟ್ಟು ಗುಣವು ಈ ಶೇಷಕ್ಕಿಂತ ದೊಡ್ಡದೆಂಬುದನ್ನೂ, ಈ ಶೇಷವು ಶೂನ್ಯವಲ್ಲವೆಂಬುದನ್ನೂ ಒಟ್ಟಿಗೆ ನೆನಪಿನಲ್ಲಿಡಬೇಕು.

೭. ಅಂಕಿಗಳೂ ಅವುಗಳ ಅರ್ಥವೂ

ಜರ್ಮನಿಯ ಮ್ಯೂನಿಕ್ ನಗರದ ಸ್ಟೆಫಾನ್ ಲಾಯ್ಖ್ಟ್ ಮತ್ತು ಸಂಗಡಿಗರು ಅರುವತ್ತು ವರ್ಷಗಳಲ್ಲಿ ನಡೆದ ಇಂತಹ ಪರೀಕ್ಷೆಗಳನ್ನು ಒಟ್ಟುಗೂಡಿಸಿ ೨೦೧೭ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಈ ವಿಷಯದಲ್ಲಿ ಪ್ರಧಾನವಾದ ಆಧಾರವಾಗಿದೆ. ಅದರಲ್ಲಿ ೧೬೭ ಪರೀಕ್ಷೆಗಳೂ ೨೮,೧೦೨ ಮಂದಿ ರೋಗಿಗಳೂ ಸೇರಿರುವರು. ಇವರಲ್ಲಿ ಬಹುಮಂದಿ ಬಹುಕಾಲದ ರೋಗವು ಮತ್ತೆ ಉಲ್ಬಣಿಸಿದವರು. ಕನಿಷ್ಠಪಕ್ಷ ಅಲ್ಪವಾದರೂ ಗುಣವನ್ನು ಕಂಡವರು ಔಷಧದ ತಂಡದಲ್ಲಿ ನೂರಕ್ಕೆ ೫೧, ಹುಸಿಮದ್ದಿನ ತಂಡದಲ್ಲಿ ನೂರಕ್ಕೆ ೩೦. ಉತ್ತಮವಾದ ಗುಣವನ್ನು ಕಂಡವರು ಕ್ರಮವಾಗಿ ೨೩ ಮತ್ತು ೧೪.

ಈ ಅಂಕಿಗಳನ್ನು ಹೀಗೆ ಓದಬೇಕು. ನೂರು ಮಂದಿಗೆ ಔಷಧವನ್ನು ಕೊಟ್ಟರೆ ೫೧ ಮಂದಿಗೆ ಸ್ವಲ್ಪವಾದರೂ ಗುಣವಾಗುವುದು. ಅವರ ಪೈಕಿ ೩೦ ಮಂದಿಯಷ್ಟು ಜನರಿಗೆ ಔಷಧವಿಲ್ಲದೆಯೂ ಆ ಆರೈಕೆಯಲ್ಲಿಯೇ ಗುಣವಾಗುತ್ತಿತ್ತು. ೨೧ ಮಂದಿಯ ಗುಣವು ಔಷಧದ ಋಣ. ೪೯ ಮಂದಿಗೆ ಆ ಅವಧಿಯಲ್ಲಿ ಅಷ್ಟು ಗುಣವೂ ಕಾಣದು. ಎಂದರೆ ಐವರಿಗೆ ಔಷಧವನ್ನು ಕೊಟ್ಟಲ್ಲಿ ಸುಮಾರು ಒಬ್ಬನಿಗೆ ಔಷಧದಿಂದಲೇ ಬಂದ ಗುಣ. ಉತ್ತಮವಾದ ಗುಣವನ್ನೇ ಲೆಕ್ಕಕ್ಕೆ ಹಿಡಿದರೆ ಅದು ಸುಮಾರು ಹನ್ನೊಂದು ಮಂದಿಯಲ್ಲಿ ಒಬ್ಬನಿಗೆ. ಆ ಒಬ್ಬನು ಯಾರೆಂಬುದನ್ನು ಮುಂದಾಗಿ ಗುರುತಿಸುವ ಉಪಾಯವನ್ನು ಈ ಅಂಕಿಗಳು ಕೊಡುವುದಿಲ್ಲ.

ಗಣಿತಜ್ಞರು ಇದನ್ನೇ ಮತ್ತೊಂದು ರೀತಿಯಿಂದ ಹೇಳುವರು. ರೋಗಿಗಳ ಅಂಕಗಳ ನಡುವೆ ಸಹಜವಾಗಿರುವ ಹರವನ್ನು ಒಂದು ಮಾನವಾಗಿಟ್ಟುಕೊಂಡರೆ, ಎರಡು ತಂಡಗಳ ಸರಾಸರಿಗಳ ಅಂತರವು ಆ ಮಾನದ ೦.೪೭ರಷ್ಟು. ಎಂದರೆ ಔಷಧದ ತಂಡದ ಮಧ್ಯಮನು ಹುಸಿಮದ್ದಿನ ತಂಡದ ನೂರರಲ್ಲಿ ಸುಮಾರು ೬೮ ಮಂದಿಗಿಂತ ಉತ್ತಮವಾದ ಸ್ಥಿತಿಯಲ್ಲಿರುವನು. ಅಂತರವು ಮಧ್ಯಮ ಪ್ರಮಾಣದ್ದು. ದೇಹರೋಗಗಳಿಗೆ ಕೊಡುವ ಅನೇಕ ಪ್ರಸಿದ್ಧ ಔಷಧಗಳೊಡನೆ ಹೋಲಿಸಿ ಲಾಯ್ಖ್ಟ್ ಮತ್ತು ಸಂಗಡಿಗರೇ ೨೦೧೨ರಲ್ಲಿ ಪ್ರಕಟಿಸಿದ ಮತ್ತೊಂದು ಸಮೀಕ್ಷೆಯಲ್ಲಿ, ಮನೋರೋಗದ ಔಷಧಗಳು ಸಾಮಾನ್ಯವಾಗಿ ಅವುಗಳಿಗಿಂತ ಕೀಳಲ್ಲವೆಂದು ಕಂಡುಬಂದಿದೆ.

೮. ಪರೀಕ್ಷೆಯ ಪರೀಕ್ಷೆ

ಹೊಗೆಯಿಂದ ಬೆಂಕಿಯನ್ನು ಊಹಿಸುವಲ್ಲಿ ದೋಷವಿಲ್ಲ. ಬೆಂಕಿಯಿಂದ ಹೊಗೆಯನ್ನು ಊಹಿಸುವಲ್ಲಿ ಹಸಿಯ ಕಟ್ಟಿಗೆಯೆಂಬ ಉಪಾಧಿಯು ಅಡ್ಡಬರುವುದೆಂದು ತಾರ್ಕಿಕರು ಹೇಳುವರು. ಮೇಲಣ ಪರೀಕ್ಷೆಗಳಲ್ಲಿಯೂ ಕೆಲವು ಉಪಾಧಿಗಳಿರುವುವು.

ಮೊದಲನೆಯದಾಗಿ, ಗೋಪನವು ಪೂರ್ಣವಾಗಿ ಉಳಿಯುವುದು ಕಷ್ಟ. ಬಾಯಿ ಒಣಗುವುದು, ಕೈ ನಡುಗುವುದು, ಕುಳಿತಲ್ಲಿ ಕುಳಿತಿರಲಾರದ ಚಡಪಡಿಕೆ, ತೂಕದ ಹೆಚ್ಚಳ ಮೊದಲಾದ ಉಪದ್ರವಗಳಿಂದ ತನಗೆ ದೊರೆತುದು ನಿಜವಾದ ಔಷಧವೆಂದು ರೋಗಿಯೂ ವೈದ್ಯನೂ ಊಹಿಸಬಹುದು. ಎರಡನೆಯದಾಗಿ, ಪರೀಕ್ಷೆಯನ್ನು ನಡುವೆಯೇ ಬಿಟ್ಟುಹೋಗುವವರು ಬಹುಮಂದಿ. ಅವರ ಅಂಕಗಳನ್ನು ಹೇಗೆ ಎಣಿಸಬೇಕೆಂಬುದರ ಮೇಲೆ ಫಲವು ಕೊಂಚ ಮಟ್ಟಿಗೆ ಅವಲಂಬಿಸಿರುವುದು. ಮೂರನೆಯದು ಪ್ರಕಟನೆಯ ಪಕ್ಷಪಾತ. ಅಮೆರಿಕದ ಔಷಧನಿಯಾಮಕ ಸಂಸ್ಥೆಯಲ್ಲಿ ದಾಖಲಾಗಿದ್ದ ಎಂಟು ಹೊಸ ಔಷಧಗಳ ೨೪ ಪರೀಕ್ಷೆಗಳನ್ನು ಟರ್ನರ್ ಮತ್ತು ಸಂಗಡಿಗರು ೨೦೧೨ರಲ್ಲಿ ಪರಿಶೀಲಿಸಿದಾಗ, ೪ ಪರೀಕ್ಷೆಗಳು ಪ್ರಕಟವಾಗಿರಲೇ ಇಲ್ಲ. ಅವುಗಳಲ್ಲಿ ಮೂರರಲ್ಲಿ ಔಷಧವು ಹುಸಿಮದ್ದನ್ನು ಮೀರಿದುದು ಸಿದ್ಧವಾಗಿರಲಿಲ್ಲ. ಆದರೂ ಅವುಗಳನ್ನು ಸೇರಿಸಿ ಎಣಿಸಿದಾಗ ಅಂತರವು ೦.೪೭ರಿಂದ ೦.೪೪ಕ್ಕೆ ಮಾತ್ರ ಇಳಿಯಿತು. ೨೦೧೭ರ ಸಮೀಕ್ಷೆಯಲ್ಲಿ ಇಂತಹ ದೋಷಗಳಿಗಾಗಿ ತಿದ್ದುಪಡಿಯನ್ನು ಮಾಡಿದಾಗ ಅಂತರವು ೦.೩೮ಕ್ಕೆ ಇಳಿದಿದೆ, ಇಲ್ಲದೆ ಹೋಗಲಿಲ್ಲ. ಭಾರತದಲ್ಲಿ ಔಷಧಪರೀಕ್ಷೆಗಳನ್ನು ಪ್ರಾರಂಭಕ್ಕೆ ಮೊದಲೇ ದಾಖಲಿಸುವ ಸಾರ್ವಜನಿಕ ದಫ್ತರವು ೨೦೦೭ರಲ್ಲಿ ತೆರೆಯಲ್ಪಟ್ಟು ೨೦೦೯ರಲ್ಲಿ ಕಡ್ಡಾಯವಾದುದು ಪ್ರಕಟನೆಯ ಪಕ್ಷಪಾತವನ್ನು ತಡೆಯುವ ಒಂದು ಉಪಾಯವಾಗಿದೆ.

ನಾಲ್ಕನೆಯದು ವಿಚಿತ್ರವಾದುದು. ದಶಕಗಳು ಕಳೆದಂತೆ ಔಷಧಕ್ಕೂ ಹುಸಿಮದ್ದಿಗೂ ನಡುವಣ ಅಂತರವು ಕಿರಿದಾಗುತ್ತ ಬಂದಿದೆ. ಔಷಧಗಳು ಬಲಗುಂದಿದುವೆಂದು ಇದರಿಂದ ತಿಳಿಯಕೂಡದು. ಔಷಧದ ತಂಡದ ಗುಣವು ಹೆಚ್ಚು ಕಡಿಮೆ ಸ್ಥಿರವಾಗಿಯೇ ಇರುವಾಗ, ಹುಸಿಮದ್ದಿನ ತಂಡದ ಗುಣವು ಏರುತ್ತ ಬಂದಿರುವುದೇ ಇದಕ್ಕೆ ಕಾರಣವೆಂದು ಅದೇ ಸಮೀಕ್ಷೆಯು ತೋರಿಸುತ್ತದೆ. ಪರೀಕ್ಷೆಗೆ ಬರುವವರ ಬಗೆ, ಅನೇಕ ಊರುಗಳಲ್ಲಿ ಹರಡಿದ ಪರೀಕ್ಷೆಗಳಲ್ಲಿ ಅಳತೆಯ ಸಡಿಲತೆ, ಸೇರಿಸಿಕೊಳ್ಳುವ ಆತುರದಲ್ಲಿ ಮೊದಲ ಅಂಕವನ್ನು ಏರಿಸಿ ಬರೆಯುವ ಒಲವು ಮೊದಲಾದುವುಗಳನ್ನು ವಿದ್ವಾಂಸರು ಇದರ ಕಾರಣಗಳಾಗಿ ವಿಚಾರಿಸುತ್ತಿರುವರು. ತಕ್ಕಡಿಯ ಒಂದು ತಟ್ಟೆಯು ಮೇಲಕ್ಕೆ ಬಂದಾಗ ಆ ತಟ್ಟೆಯನ್ನು ಮಾತ್ರ ನೋಡದೆ ಎದುರು ತಟ್ಟೆಯನ್ನೂ ನೋಡಬೇಕೆಂಬುದು ಇಲ್ಲಿಯ ಪಾಠ.

೯. ಶುದ್ಧವಾದ ವ್ಯತಿರೇಕವೊಂದು

ಉಪಾಧಿಗಳ ಈ ಸಂದೇಹಕ್ಕೆ ಸುಂದರವಾದ ಸಮಾಧಾನವನ್ನು ೧೯೭೮ರಲ್ಲಿ ಈವ್ ಜಾನ್‌ಸ್ಟನ್ ಮತ್ತು ಸಂಗಡಿಗರು ಇಂಗ್ಲೆಂಡಿನಿಂದ ಪ್ರಕಟಿಸಿದರು. ಫ್ಲುಪೆಂಥಿಕ್ಸಾಲ್ ಎಂಬ ಔಷಧದ ಅಣುವಿಗೆ ಎರಡು ರೂಪಗಳುಂಟು. ಎರಡರಲ್ಲಿಯೂ ಇರುವ ಪರಮಾಣುಗಳು ಅವೇ; ಜೋಡಣೆಯ ದಿಕ್ಕು ಮಾತ್ರ ಬೇರೆ. ‘ಆಲ್ಫಾ’ ರೂಪವು ಮಿದುಳಿನಲ್ಲಿ ಡೋಪಮೀನ್ ಎಂಬ ವಾಹಕದ್ರವ್ಯದ ಕೆಲಸವನ್ನು ತಡೆಯುವುದು; ‘ಬೀಟಾ’ ರೂಪವು ಹಾಗೆ ತಡೆಯುವುದಿಲ್ಲ. ರೋಗವು ಉಲ್ಬಣಿಸಿದ ೪೫ ಮಂದಿಯನ್ನು ಮೂರು ತಂಡಗಳಾಗಿ ಮಾಡಿ ನಾಲ್ಕು ವಾರಗಳ ಕಾಲ ಒಂದಕ್ಕೆ ಆಲ್ಫಾ, ಒಂದಕ್ಕೆ ಬೀಟಾ, ಒಂದಕ್ಕೆ ಹುಸಿಮದ್ದನ್ನು ಕೊಡಲಾಯಿತು. ಆಲ್ಫಾ ರೂಪವು ಮಾತ್ರ ಹುಸಿಮದ್ದನ್ನು ಮೀರಿತು. ಬೀಟಾ ರೂಪವು ಹುಸಿಮದ್ದಿಗಿಂತ ಮೇಲಾಗಲಿಲ್ಲ. ಹುಸಿಮದ್ದಿನ ತಂಡದವರಲ್ಲಿಯೂ ಗುಣವು ಕಂಡಿತೆಂಬುದು ಸ್ಮರಣೀಯ. ಇದಲ್ಲದೆ ಆಲ್ಫಾದ ಮೇಲ್ಮೆಯು ಧ್ವನಿ, ಭ್ರಾಂತಿ ಮೊದಲಾದ ಪ್ರಕಟಲಕ್ಷಣಗಳಲ್ಲಿ ತೋರಿತೇ ಹೊರತು ಕ್ಷಯಲಕ್ಷಣಗಳಲ್ಲಿ ತೋರಲಿಲ್ಲ. ಔಷಧಕ್ಕೆ ಶಕ್ತಿಯುಂಟು, ಅದು ಬರುವ ದಾರಿ ಇದು, ಅದರ ಎಲ್ಲೆ ಇಷ್ಟು ಎಂಬ ಮೂರನ್ನೂ ಈ ಚಿಕ್ಕ ಪರೀಕ್ಷೆಯೊಂದೇ ಸೂಚಿಸಿತು.

೧೦. ಭಾರತದಲ್ಲಿ

ಈ ವಿಚಾರವು ಭರತಖಂಡಕ್ಕೆ ಪರಕೀಯವಾದುದಲ್ಲ. ಉನ್ಮಾದದ ನಿದಾನ ಚಿಕಿತ್ಸೆಗಳನ್ನು ಚರಕ ಸುಶ್ರುತ ಸಂಹಿತೆಗಳು ವಿಸ್ತಾರವಾಗಿ ಹೇಳುವುವು. ಸರ್ಪಗಂಧದ ಬೇರು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಉಪಯುಕ್ತವೆಂದು ಸೇನ್ ಮತ್ತು ಬೋಸ್ ಎಂಬ ವೈದ್ಯರು ೧೯೩೧ರಲ್ಲಿ ಕಲ್ಕತ್ತೆಯಿಂದ ವರದಿಮಾಡಿದರು. ಆ ಬೇರಿನಿಂದ ಸ್ವಿಟ್ಜರ್ಲೆಂಡಿನಲ್ಲಿ ೧೯೫೨ರಲ್ಲಿ ಬೇರ್ಪಡಿಸಲ್ಪಟ್ಟ ರೆಸರ್ಪೀನ್ ಎಂಬ ದ್ರವ್ಯವು ಕ್ಲೋರ್‌ಪ್ರೊಮಝೀನಿನೊಡನೆ ಏಕಕಾಲದಲ್ಲಿ ಪಾಶ್ಚಾತ್ಯ ಆಸ್ಪತ್ರೆಗಳನ್ನು ಪ್ರವೇಶಿಸಿತು.

ಕನ್ನಡನಾಡಿಗೆ ಸಂಬಂಧಿಸಿದ ಪ್ರಯತ್ನವೂ ಒಂದುಂಟು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ, ೧೯೫೪ರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅಲ್ಲಿಯೇ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ೧೯೭೪ರಲ್ಲಿ ಕೂಡಿ ‘ನಿಮ್ಹಾನ್ಸ್’ ಎಂಬ ಹೆಸರನ್ನು ಪಡೆದುವು. ಆ ಸಂಸ್ಥೆಯ ಮಹಲ್, ರಾಮು ಮತ್ತು ಸಂಗಡಿಗರು ೧೯೭೬ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬ್ರಾಹ್ಮ್ಯಾದಿಯೋಗ, ತಗರ ಎಂಬ ಆಯುರ್ವೇದದ ಔಷಧಗಳನ್ನೂ ಕ್ಲೋರ್‌ಪ್ರೊಮಝೀನನ್ನೂ ಹುಸಿಮದ್ದಿನೊಡನೆ, ಗೋಪನಕ್ರಮದಿಂದ ಹೋಲಿಸಿದರು. ಇಂತಹ ಮೂರು ಪರೀಕ್ಷೆಗಳನ್ನು ೨೦೦೭ರಲ್ಲಿ ಒಟ್ಟಾಗಿ ವಿಮರ್ಶಿಸಿದವರು, ಅವು ಚಿಕ್ಕವೂ ಅಲ್ಪಕಾಲದವೂ ಆದುದರಿಂದ ಆಯುರ್ವೇದದ ಔಷಧಗಳ ವಿಷಯದಲ್ಲಿ ದೃಢವಾದ ನಿರ್ಣಯಕ್ಕೆ ಸಾಲವೆಂದು ಅಭಿಪ್ರಾಯಪಟ್ಟರು. ನಿರ್ಣಯವು ಏನೇ ಇರಲಿ, ಪ್ರಾಚೀನವಾದ ಯೋಗವನ್ನೂ ನವೀನವಾದ ರಸಾಯನವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಧೈರ್ಯವು ಪ್ರಶಂಸೆಗೆ ಅರ್ಹವಾದುದು. ಗ್ರಂಥಪ್ರಾಮಾಣ್ಯವಾಗಲಿ ಕಾರ್ಖಾನೆಯ ಮುದ್ರೆಯಾಗಲಿ ವ್ಯತಿರೇಕದ ಸ್ಥಾನವನ್ನು ತುಂಬಲಾರದು.

೧೧. ಧರ್ಮಸೂಕ್ಷ್ಮ

ಶಕ್ತಿಯುಳ್ಳ ಔಷಧವಿರುವಾಗ ಸಂಕಟದಲ್ಲಿರುವವನಿಗೆ ಹುಸಿಮದ್ದನ್ನು ಕೊಡುವುದು ಧರ್ಮವೆ ಎಂಬ ಪ್ರಶ್ನೆಯು ಇಲ್ಲಿ ಏಳುವುದು. ೧೯೬೪ರಲ್ಲಿ ಜಾಗತಿಕ ವೈದ್ಯಸಂಘವು ಹೆಲ್ಸಿಂಕಿಯಲ್ಲಿ ಅಂಗೀಕರಿಸಿ ಬಳಿಕ ಹಲವು ಸಲ ತಿದ್ದಿದ ಘೋಷಣೆಯ ಪ್ರಕಾರ, ಹೊಸ ಚಿಕಿತ್ಸೆಯನ್ನು ಇರುವವುಗಳಲ್ಲಿ ಉತ್ತಮವಾದುದರೊಡನೆ ಹೋಲಿಸುವುದೇ ಸಾಮಾನ್ಯ ನಿಯಮ. ಬಲವಾದ ಶಾಸ್ತ್ರೀಯ ಕಾರಣವಿದ್ದು, ಗಂಭೀರವಾದ ಅಥವಾ ಮತ್ತೆ ಸರಿಪಡಿಸಲಾಗದ ಹಾನಿಯ ಭಯವು ಹೆಚ್ಚದಿರುವಲ್ಲಿ ಮಾತ್ರ ಹುಸಿಮದ್ದಿಗೆ ಅವಕಾಶ. ೧೯೮೮ರಲ್ಲಿ ಕೇನ್ ಮತ್ತು ಸಂಗಡಿಗರು ಇತರ ಔಷಧಗಳಿಗೆ ಬಗ್ಗದ ೨೬೮ ಮಂದಿ ರೋಗಿಗಳಲ್ಲಿ ಕ್ಲೋಝಪೀನನ್ನು ಕ್ಲೋರ್‌ಪ್ರೊಮಝೀನಿನೊಡನೆ ಹೋಲಿಸಿ, ಆರು ವಾರಗಳಲ್ಲಿ ನೂರಕ್ಕೆ ೩೦ ಮತ್ತು ೪ ಎಂಬ ಅಂತರವನ್ನು ತೋರಿಸಿದುದು, ಹುಸಿಮದ್ದಿಲ್ಲದೆಯೂ ವ್ಯತಿರೇಕವು ಸಾಧ್ಯವೆಂಬುದಕ್ಕೆ ನಿದರ್ಶನ.

ಕೊನೆಯದಾಗಿ ಒಂದು ಎಚ್ಚರಿಕೆಯು ಅವಶ್ಯ. ಉಲ್ಬಣಾವಸ್ಥೆಯಲ್ಲಿ ಕೆಲವು ವಾರಗಳ ಮೇಲೆ ಕಾಣುವ ಅಂತರವೇ ಬೇರೆ. ಶಾಂತವಾದ ರೋಗವು ಮರುಕಳಿಸುವುದನ್ನು ತಡೆಯುವ ಶಕ್ತಿಯೇ ಬೇರೆ. ೬೫ ಪರೀಕ್ಷೆಗಳನ್ನು ಕೂಡಿಸಿ ೨೦೧೨ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಒಂದು ವರ್ಷದೊಳಗೆ ರೋಗವು ಮರುಕಳಿಸಿದವರು ಔಷಧವನ್ನು ಮುಂದುವರಿಸಿದವರಲ್ಲಿ ನೂರಕ್ಕೆ ೨೭. ಹುಸಿಮದ್ದಿಗೆ ಬದಲಾಯಿಸಲ್ಪಟ್ಟವರಲ್ಲಿ ನೂರಕ್ಕೆ ೬೪. ಮೊದಲನೆಯ ಅಂಕಿಯು ಸಾಧಾರಣವೆಂದು ಕೇಳಿ ಗುಣಮುಖನಾದವನ ಔಷಧವನ್ನು ಮನೆಯವರು ತಾವಾಗಿಯೇ ನಿಲ್ಲಿಸಿದರೆ, ಎರಡನೆಯ ಅಂಕಿಯು ಅವರ ಬಾಗಿಲಿಗೆ ಬರುವುದು. ತೂಕದ ಹೆಚ್ಚಳ, ನಡುಕ, ಮಂಕು ಇವುಗಳ ಭಾರವೂ ನಿಜವಾದುದು. ಅದನ್ನು ವೈದ್ಯನಿಗೆ ತಿಳಿಸಿ ಪ್ರಮಾಣವನ್ನೋ ಔಷಧವನ್ನೋ ಬದಲಾಯಿಸಿಕೊಳ್ಳುವುದು ನಿಲ್ಲಿಸಿಬಿಡುವುದಕ್ಕಿಂತ ಲೇಸು.

ಆದುದರಿಂದ ಸಿದ್ಧಾಂತವಿಷ್ಟು: ಚಿತ್ತವಿಕಲತೆಯ ಔಷಧಗಳಿಗೆ ವ್ಯತಿರೇಕದಿಂದ ಸಿದ್ಧವಾದ ಶಕ್ತಿಯುಂಟು, ಆ ಶಕ್ತಿಯು ಮಧ್ಯಮವಾದುದು, ಎಲ್ಲರಿಗೂ ಒಂದೇ ಸಮನಾಗಿ ಒದಗದು. ಹುಸಿಮದ್ದಿನ ತಂಡದ ಆ ೩೦ ಮಂದಿಯ ಗುಣದಲ್ಲಿ ಕಾಲದ ಪಾಲೂ ಅನ್ನ ನಿದ್ರೆ ಆದರಗಳ ಪಾಲೂ ಇರುವುದರಿಂದ, ಔಷಧವನ್ನು ಕೊಡುವವರು ಅವುಗಳನ್ನು ಕೊಡದೆ ಇರಲಾಗದು. ಅವುಗಳನ್ನು ಕೊಡುವವರು ಉಳಿದ ೨೧ ಮಂದಿಯ ಔಷಧವನ್ನು ಕಸಿಯಲೂ ಆಗದು.